ಆಡಿ ಕಲಿತವರು ಕಲಿಸುವ ವೃತ್ತಿ

ವಿದ್ಯೆಯಲ್ಲಿ ಎರಡು ಬಗೆಗಳುಂಟು. ತಾನು ಮಾಡಬಲ್ಲೆನೆಂಬದು ಒಂದು. ಮಾಡಬಲ್ಲದ್ದನ್ನು ಇನ್ನೊಬ್ಬರಿಗೆ ಕಲಿಸಬಲ್ಲೆನೆಂಬದು ಇನ್ನೊಂದು. ಆಟದಲ್ಲಿ ಈ ಭೇದವು ಬಹು ಸ್ಪಷ್ಟವಾಗಿ ಕಾಣಬರುವದು. ಕಾಲಿನ ಕಸುವು ಹೆಚ್ಚೆಂದರೆ ಹದಿನೈದಿಪ್ಪತ್ತು ವರ್ಷ ನಿಲ್ಲುವದು. ಆಟದ ತಿಳಿವಳಿಕೆಯಾದರೋ ಜೀವಮಾನವೆಲ್ಲ ಉಳಿಯುವದು. ಹತ್ತನೆಯ ತರಗತಿಯನ್ನು ಮುಗಿಸಿದ ಮಗಳು ಮುಂದೆಯೂ ಆಡುವೆನೆಂದು ಕೇಳಿದಾಗ, “ಆಡಿ ಮುಂದೇನು ಮಾಡುವಿ?” ಎಂದು ತಂದೆತಾಯಿಗಳು ಕೇಳುವದು ಸಹಜವೇ. ಆ ಪ್ರಶ್ನೆಗೆ ನೆರೆಯ ಗೋವೆಯ ಒಬ್ಬ ಹೆಣ್ಣುಮಗಳ ಕಾರ್ಯದಿಂದ ಉತ್ತರವನ್ನು ಹುಡುಕುವದೇ ಈ ಪಾಠದ ಉದ್ದೇಶವು.

ಮೊದಲು ಸ್ವಲ್ಪ ಪೂರ್ವವೃತ್ತಾಂತವನ್ನು ತಿಳಿಯೋಣ. ಇಂಗ್ಲಂಡಿನಲ್ಲಿ ೧೯೨೦ನೆಯ ಇಸವಿಯ ಕ್ರಿಸ್ಮಸ್ಸಿನ ಮರುದಿನ ಲಿವರ್‌ಪೂಲ್ ಪಟ್ಟಣದಲ್ಲಿ ಸ್ತ್ರೀಯರ ಒಂದು ಫುಟ್‌ಬಾಲ್ ಪಂದ್ಯವನ್ನು ನೋಡಲು ಸುಮಾರು ೫೩,೦೦೦ ಜನರು ನೆರೆದಿದ್ದರು. ಆದರೆ ಮರುವರುಷ, ೧೯೨೧ರ ಡಿಸೆಂಬರದಲ್ಲಿ, ಈ ಆಟವು ಸ್ತ್ರೀಯರಿಗೆ ತಕ್ಕದ್ದಲ್ಲವೆಂದು ಹೇಳಿ ಅಲ್ಲಿಯ ಫುಟ್‌ಬಾಲ್ ಮಂಡಳಿಯು ತನ್ನ ಸಂಘಗಳ ಮೈದಾನಗಳನ್ನು ಅವರಿಗೆ ಮುಚ್ಚಿಬಿಟ್ಟಿತು. ಆ ನಿಷೇಧವು ಸುಮಾರು ಐವತ್ತು ವರ್ಷ ನಡೆಯಿತು. ಆಡುವವರೇ ಇಲ್ಲವಾದ ಮೇಲೆ ಕಲಿಸುವವರು ಎಲ್ಲಿಂದ ಬರಬೇಕು? ನಮ್ಮ ದೇಶದಲ್ಲಿ ಸ್ತ್ರೀಯರ ಫುಟ್‌ಬಾಲ್ ಮಂಡಳಿಯು ೧೯೭೫ರಲ್ಲಿ ಸ್ಥಾಪಿತವಾಯಿತು. ಕೆಲವೇ ವರ್ಷಗಳಲ್ಲಿ ನಮ್ಮ ಪಕ್ಷವು ಏಶಿಯಾ ಖಂಡದ ಪಂದ್ಯಾವಳಿಯಲ್ಲಿ ಎರಡು ಸಾರೆ ಎರಡನೆಯ ಸ್ಥಾನವನ್ನು ಪಡೆಯಿತು. ೧೯೮೩ರ ಅರ್ಜುನ ಪ್ರಶಸ್ತಿಯು ಬಂಗಾಲದ ಶಾಂತಿ ಮಲ್ಲಿಕರಿಗೆ ದೊರೆಯಿತು. ಫುಟ್‌ಬಾಲ್ ಆಟಗಾರ್ತಿಗೆ ಆ ಗೌರವವು ಸಂದದ್ದು ಅದೇ ಮೊದಲು. ಆಡುವವರು ಹೀಗೆ ಮುಂದೆ ಬಂದರೂ, ದೇಶದ ಹಿರಿಯ ಸ್ತ್ರೀಪಕ್ಷಕ್ಕೆ ಕಲಿಸುವ ಮುಖ್ಯ ಸ್ಥಾನದಲ್ಲಿ ಬಹುಕಾಲ ಗಂಡಸರೇ ಇದ್ದರು.

ಆ ಸ್ಥಾನವನ್ನು ೨೦೧೭ರಲ್ಲಿ ಮೊದಲ ಸಾರೆ ಪಡೆದ ಸ್ತ್ರೀಯು ಮೇಮೋಲ್ ರಾಕಿಯವರು. ಅವರು ಗೋವೆಯ ಪಕ್ಷಕ್ಕೂ ಭಾರತದ ಪಕ್ಷಕ್ಕೂ ಆಡಿದವರು. ಆಮೇಲೆ ಸಹಾಯಕ ಶಿಕ್ಷಕಿಯಾಗಿ ಕೆಲಸ ಕಲಿತವರು. ಮುಖ್ಯ ಶಿಕ್ಷಕಿಯಾದ ತರುವಾಯ ಅವರ ಪಕ್ಷವು ೨೦೧೯ರ ಮಾರ್ಚಿಯಲ್ಲಿ ನೇಪಾಳದ ಬಿರಾಟನಗರದಲ್ಲಿ ಆತಿಥೇಯರನ್ನೇ ೩–೧ ಗೋಲುಗಳಿಂದ ಸೋಲಿಸಿ ದಕ್ಷಿಣ ಏಶಿಯಾದ ಪಂದ್ಯಾವಳಿಯನ್ನು ಗೆದ್ದಿತು. ಅದೇ ವರ್ಷದ ಡಿಸೆಂಬರದಲ್ಲಿ ಪೋಖರಾ ಪಟ್ಟಣದಲ್ಲಿ ನೇಪಾಳವನ್ನು ಪುನಃ ೨–೦ ಗೋಲುಗಳಿಂದ ಗೆದ್ದು ದಕ್ಷಿಣ ಏಶಿಯಾ ಕ್ರೀಡೆಗಳ ಸುವರ್ಣಪದಕವನ್ನು ತಂದಿತು.

ಆದರೆ ಶಿಕ್ಷಕಿಯ ಬೆಲೆಯನ್ನು ಗೆಲವುಗಳಿಂದ ಮಾತ್ರವೇ ಅಳೆಯಲಾಗದು. ಒಲಿಂಪಿಕ್ ಅರ್ಹತೆಯ ಪಂದ್ಯಗಳಲ್ಲಿ ನಮ್ಮ ಸ್ತ್ರೀಪಕ್ಷವು ಎರಡನೆಯ ಸುತ್ತನ್ನು ಮುಟ್ಟಿದ್ದು ಮೇಮೋಲರ ಕಾಲದಲ್ಲಿಯೇ, ಮತ್ತು ಅದೇ ಮೊದಲ ಸಾರೆ. ೨೦೧೯ರ ಏಪ್ರಿಲದಲ್ಲಿ ಆ ಸುತ್ತು ನಡೆದದ್ದು, ಲೋಕಮಾನ್ಯ ತಿಲಕರ ಸೆರೆವಾಸದಿಂದ ನಮಗೆ ಹೆಸರು ಪರಿಚಿತವಾದ ಮಂಡಾಲೆಯಲ್ಲಿ. ಇಂಡೋನೇಶಿಯಾವನ್ನೂ ನೇಪಾಳವನ್ನೂ ಗೆದ್ದ ನಮ್ಮ ಹುಡುಗಿಯರು ಕೊನೆಯ ಪಂದ್ಯದಲ್ಲಿ ಆತಿಥೇಯ ಮ್ಯಾನ್ಮಾರದೊಡನೆ ೩–೩ ಸಮಮಾಡಿಕೊಂಡರು. ಎರಡು ಪಕ್ಷಗಳ ಅಂಕಗಳು ಸಮಾನವಾಗಿದ್ದರೂ ಗೋಲುಗಳ ಅಂತರದಿಂದ ಮ್ಯಾನ್ಮಾರವು ಮುಂದೆ ಹೋಯಿತು. ಒಂದು ಪಂದ್ಯವನ್ನೂ ಸೋಲದೆ ಮನೆಗೆ ಮರಳಿದ ಹುಡುಗಿಯರಿಗೆ ಧೈರ್ಯ ಹೇಳಿ, ಅದೇ ವರ್ಷದಲ್ಲಿ ಸುವರ್ಣಪದಕದ ವರೆಗೆ ನಡಿಸಿದ್ದರಲ್ಲಿ ಮೇಮೋಲರ ಯೋಗ್ಯತೆಯು ತೋರುವದು. ೨೦೨೧ರ ಜುಲೈಯಲ್ಲಿ ಅವರು ಸ್ವಂತ ಕಾರಣಗಳಿಗಾಗಿ ಆ ಹುದ್ದೆಯನ್ನು ಬಿಟ್ಟರು. ಆದರೆ ಅವರು ತೆರೆದ ಬಾಗಿಲು ಮುಚ್ಚಲಿಲ್ಲ. ಮಣಿಪುರದ ಆಟಗಾರ್ತಿಯಾಗಿದ್ದು ಬೆಂಗಳೂರಿನ ಕಿಕ್‌ಸ್ಟಾರ್ಟ್ ಸಂಘಕ್ಕೆ ಕಲಿಸಿದ ಲಂಗಮ್ ಚಾವೋಬಾ ದೇವಿಯವರು ೨೦೨೪ರಲ್ಲಿ ದೇಶದ ಪಕ್ಷವನ್ನು ತುರ್ಕಸ್ಥಾನಕ್ಕೆ ಕರೆದೊಯ್ದರು. ಅಲ್ಲಿ ನಮ್ಮವರು ಎಸ್ಟೋನಿಯಾವನ್ನು ೪–೩ ಗೋಲುಗಳಿಂದ ಗೆದ್ದು, ಪಂದ್ಯಾವಳಿಯಲ್ಲಿ ಎರಡನೆಯವರಾದರು. ೨೦೨೦ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಮುಗಿದ ಭಾರತೀಯ ಸ್ತ್ರೀಯರ ಲೀಗ್ ಪಂದ್ಯಾವಳಿಯನ್ನು ಗೆದ್ದ ಗೋಕುಲಂ ಕೇರಳ ಪಕ್ಷಕ್ಕೆ ಕಲಿಸಿದವರೂ ಸ್ತ್ರೀಯೇ. ಅವರು ಕೇರಳದ ಪಿ. ವಿ. ಪ್ರಿಯಾ.

ಇನ್ನು ಈ ವೃತ್ತಿಯ ಸ್ವರೂಪವನ್ನು ನೋಡೋಣ. ಚೆಂಡನ್ನು ಒದೆಯಲು ಹೇಳಿಕೊಡುವದಷ್ಟೇ ಶಿಕ್ಷಕಿಯ ಕೆಲಸವಲ್ಲ. ಯಾವ ದಿನ ಎಷ್ಟು ಓಡಿಸಬೇಕು, ಯಾವ ದಿನ ವಿಶ್ರಾಂತಿ ಕೊಡಬೇಕು, ಎದುರು ಪಕ್ಷದ ಬಲವೆಲ್ಲಿ, ದುರ್ಬಲವೆಲ್ಲಿ, ಬೆಂಚಿನ ಮೇಲೆ ಕುಳಿತ ಹುಡುಗಿಯ ಮನಸ್ಸು ಮುದುಡದಂತೆ ಹೇಗೆ ಮಾತಾಡಬೇಕು, ಇವೆಲ್ಲವನ್ನೂ ಅವಳು ಬಲ್ಲವಳಾಗಿರಬೇಕು. ಇದಕ್ಕಾಗಿ ಕ್ರಮವಾದ ಪರೀಕ್ಷೆಗಳುಂಟು: ಡಿ, ಸಿ, ಬಿ, ಎ ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿ, ಕೊನೆಗೆ ಪ್ರೊ ಎಂಬ ಪರವಾನಿಗೆಯನ್ನು ಪಡೆಯಬೇಕು. ಡಾಕ್ಟರಿಕೆಯಂತೆ, ಉಪಾಧ್ಯಾಯಿನಿಯ ಕೆಲಸದಂತೆ, ಇದೂ ಅಭ್ಯಾಸದಿಂದ ಬರುವ ವೃತ್ತಿಯೇ ಹೊರತು ದೈವದತ್ತವಾದ ಚಮತ್ಕಾರವಲ್ಲ. ಹಾಲಂಡದ ಸರೀನಾ ವೀಗ್‌ಮನ್ನರು ಆಡುತ್ತಿದ್ದ ದಿನಗಳಲ್ಲಿ ಒಂದು ಶಾಲೆಯಲ್ಲಿ ವ್ಯಾಯಾಮದ ಶಿಕ್ಷಕಿಯಾಗಿದ್ದರು. ಅವರ ಶಿಕ್ಷಣದಲ್ಲಿ ಹಾಲಂಡದ ಸ್ತ್ರೀಪಕ್ಷವು ೨೦೧೭ರಲ್ಲಿಯೂ, ಇಂಗ್ಲಂಡಿನ ಸ್ತ್ರೀಪಕ್ಷವು ೨೦೨೨ ಮತ್ತು ೨೦೨೫ರಲ್ಲಿಯೂ ಯುರೋಪಖಂಡದ ಪ್ರಶಸ್ತಿಯನ್ನು ಗೆದ್ದವು. ಒಂದು ಕಾಲಕ್ಕೆ ಸ್ತ್ರೀಯರಿಗೆ ಮೈದಾನವನ್ನು ಮುಚ್ಚಿದ ದೇಶಕ್ಕೆ ಸ್ತ್ರೀಯೊಬ್ಬಳೇ ಹೀಗೆ ಕೀರ್ತಿ ತಂದಳು.

ನಮ್ಮ ಸೀಮೆಯ ಜನರಿಗೆ ಇದನ್ನು ತಿಳಿಯಲು ದೂರದ ಉದಾಹರಣೆಯೇ ಬೇಕೆಂದಿಲ್ಲ. ನಮ್ಮ ಊರ ಹೆಸರನ್ನು ದೇಶಕ್ಕೆಲ್ಲ ಕೇಳಿಸಿದ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಿಂದ ವಿದ್ಯೆಯನ್ನು ಪಡೆದರು. ಹೆಣ್ಣುಮಕ್ಕಳು ಸಭೆಯಲ್ಲಿ ಹಾಡುವದನ್ನು ಜನರು ಹಳಿಯುತ್ತಿದ್ದ ಕಾಲವದು. ಗುರುವಿನಿಂದ ಶಿಷ್ಯೆಗೆ, ಆ ಶಿಷ್ಯೆಯಿಂದ ಮತ್ತೊಬ್ಬಳಿಗೆ ವಿದ್ಯೆಯು ಹರಿದರೆ ಮಾತ್ರ ಅದು ಊರಿನ ಸೊತ್ತಾಗುವದು. ಆಟಕ್ಕೂ ಇದೇ ನಿಯಮವು. ಕಬಡ್ಡಿ, ಖೋಖೋ ಆಡಿ ಬಹುಮಾನ ತಂದ ನಮ್ಮ ಊರ ಹುಡುಗಿಯು ಮದುವೆಯಾದೊಡನೆ ಮೈದಾನವನ್ನು ಬಿಟ್ಟರೆ ಅವಳ ಸಂಗಡ ಅವಳ ವಿದ್ಯೆಯೂ ಹೋಗುವದು. ಕಿರಿಯವರು ಮತ್ತೆ ಮೊದಲಿನಿಂದಲೇ ತೊಡಗಬೇಕಾಗುವದು.

ಕಷ್ಟಗಳನ್ನು ಮರೆಮಾಚುವದು ಸರಿಯಲ್ಲ. ೨೦೨೩ರ ಸ್ತ್ರೀಯರ ವಿಶ್ವಕಪ್ಪಿಗೆ ಬಂದ ೩೨ ಪಕ್ಷಗಳಲ್ಲಿ ೧೨ಕ್ಕೆ ಮಾತ್ರ ಸ್ತ್ರೀಯರು ಮುಖ್ಯ ಶಿಕ್ಷಕರಾಗಿದ್ದರು. ದೊಡ್ಡ ಹುದ್ದೆಗಳು ಸ್ವಲ್ಪ, ಪ್ರವಾಸ ಬಹಳ, ಪಕ್ಷವು ಸೋತರೆ ಕೆಲಸವೂ ಹೋಗಬಹುದು. ಆದುದರಿಂದ ಆಟವೊಂದನ್ನೇ ನಂಬಿ ಓದನ್ನು ಬಿಡಬೇಕೆಂದು ಯಾರೂ ಹೇಳಲಾರರು. ಪದವಿಯ ವ್ಯಾಸಂಗ, ವ್ಯಾಯಾಮ ಶಿಕ್ಷಣದ ಪರೀಕ್ಷೆ, ಅದರ ಜೊತೆಗೆ ಆಟದ ಪರವಾನಿಗೆ, ಈ ಮೂರನ್ನೂ ಜೊತೆಗೂಡಿಸಿಕೊಂಡವಳಿಗೆ ಪಕ್ಷವು ದೊರೆಯದಿದ್ದರೂ ಶಾಲೆಯು ದೊರೆತೀತು. ಆ ಶಾಲೆಯ ಮೈದಾನದಲ್ಲಿ ಅವಳು ಕಲಿಸುವದು ದೇಶದ ಪಕ್ಷಕ್ಕೆ ಕಲಿಸುವದಕ್ಕಿಂತ ಕೀಳಾದ ಕೆಲಸವಲ್ಲ. ದೇಶದ ಪಕ್ಷವು ಅಂಥ ಮೈದಾನಗಳಿಂದಲೇ ಹುಟ್ಟತಕ್ಕದ್ದು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಆಡಿದವರು ಅನೇಕರಿದ್ದೀರಿ. ವಾರಕ್ಕೊಂದು ಸಂಜೆ ನಿಮ್ಮ ಓಣಿಯ ನಾಲ್ಕು ಹುಡುಗಿಯರಿಗೆ ನಿಮಗೆ ತಿಳಿದ ಆಟವನ್ನು ಹೇಳಿಕೊಟ್ಟರೂ ಸಾಕು. ಪೋಷಕರೇ, “ಆಡಿ ಮುಂದೇನು ಮಾಡುವಿ?” ಎಂಬ ಪ್ರಶ್ನೆಯನ್ನು ನೀವು ಕೇಳಲೇಬೇಕು, ಆದರೆ “ಕಲಿಸುವೆನು” ಎಂದು ಮಗಳು ಹೇಳಿದರೆ, ಅದನ್ನೂ ಒಂದು ತಕ್ಕ ಉತ್ತರವೆಂದು ಎಣಿಸಿರಿ.