ಮನೆಯಂಗಳದಲ್ಲಿ ಕಂಬಗಳ್ಳಿ: ಹೊಸಬರು ತಿಳಿಯಬೇಕಾದ ಬೇಸಾಯ ಮತ್ತು ಸಸ್ಯಾಭಿವೃದ್ಧಿ ಕ್ರಮ

ಜಗಳೂರು ತಾಲ್ಲೂಕಿನ ಸೊಕ್ಕೆ ಸುತ್ತಿನ ಹಳ್ಳಿಗಳು ರಾಜ್ಯದ ಮಧ್ಯ ಒಣ ವಲಯಕ್ಕೆ ಸೇರಿವೆ. ಬೇಸಿಗೆ ಬಂತೆಂದರೆ ಇಲ್ಲಿ ಒಂದೊಂದು ಕೊಡ ನೀರಿಗೂ ಲೆಕ್ಕ. ಮನೆಯ ಮುಂದೆ ನಾಲ್ಕು ಗಿಡ ಹಸಿರಾಗಿರಲಿ ಎಂಬ ಆಸೆ ಯಾರಿಗೆ ತಾನೆ ಇಲ್ಲ? ಆದರೆ ದಿನವೂ ನೀರು ಬೇಡುವ ಗುಲಾಬಿ, ಕ್ರೋಟನ್‌ಗಳನ್ನು ಏಪ್ರಿಲ್, ಮೇ ತಿಂಗಳು ದಾಟಿಸುವುದು ಕಷ್ಟ. ಇಂಥ ಕಡೆಗೆ ಹೊಂದುವ ಅಲಂಕಾರ ಸಸ್ಯಗಳಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ ಕಳ್ಳಿಗಳು ಮುಖ್ಯವಾದವು. ಅನುಕೂಲಕ್ಕಾಗಿ ಇವನ್ನು ಇಲ್ಲಿ ಕಂಬಗಳ್ಳಿ ಎಂದು ಕರೆಯಲಾಗಿದೆ. ಒಂದು ಗಿಡ ಕೈಗೆ ಬಂದರೆ ಅದರಿಂದಲೇ ಹತ್ತು ಗಿಡ ಮಾಡಿಕೊಳ್ಳಬಹುದು.

ಇಷ್ಟು ಗಟ್ಟಿ ಗಿಡವಾದರೂ ಹೊಸದಾಗಿ ಬೆಳೆಸುವ ಅನೇಕರು ಮೊದಲ ವರ್ಷವೇ ಇದನ್ನು ಕಳೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಇದಕ್ಕೆ ಕಾರಣ ನೀರಿನ ಕೊರತೆಯಲ್ಲ, ಅತಿಯಾದ ನೀರು. ಕಬ್ಬಿನ ತುಂಡು, ದಾಸವಾಳದ ಕಡ್ಡಿ ನೆಟ್ಟು ರೂಢಿಯಾದ ಕೈ, ಕಳ್ಳಿಯ ತುಂಡನ್ನೂ ಕಡಿದ ಕೂಡಲೇ ಒದ್ದೆ ಮಣ್ಣಿಗೆ ಇಳಿಸುತ್ತದೆ. ಹದಿನೈದು ದಿನದಲ್ಲಿ ತುಂಡು ಬುಡದಿಂದ ಕೊಳೆಯುತ್ತದೆ. ಈ ಒಂದು ತಪ್ಪನ್ನು ತಿದ್ದಿಕೊಂಡರೆ ಉಳಿದ ಕೆಲಸ ಸುಲಭ.

ಬೇಲಿಗಳ್ಳಿ ಬೇರೆ, ಕಂಬಗಳ್ಳಿ ಬೇರೆ

ನಮ್ಮ ಹೊಲದ ಬೇಲಿಗಳಲ್ಲಿರುವ ಚದುರಗಳ್ಳಿ, ಎಲೆಗಳ್ಳಿ, ಕಡ್ಡಿಗಳ್ಳಿಗಳು ಯೂಫೋರ್ಬಿಯ ಜಾತಿಗೆ ಸೇರಿದವು. ಗಾಯ ಮಾಡಿದರೆ ಇವುಗಳಿಂದ ಬಿಳಿ ಹಾಲು ಸುರಿಯುತ್ತದೆ. ಈ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಅಪಾಯ. ಕಂಬಗಳ್ಳಿ ಅಮೆರಿಕ ಖಂಡಗಳಿಂದ ಬಂದ ಕ್ಯಾಕ್ಟಸ್ ಕುಟುಂಬದ ಸಸ್ಯ. ಪಾಪಾಸುಕಳ್ಳಿಯೂ ಅದೇ ಕುಟುಂಬದ್ದು. ಕಂಬಗಳ್ಳಿಯನ್ನು ಕತ್ತರಿಸಿದರೆ ನೀರಿನಂಥ ಲೋಳೆ ಬರುತ್ತದೆಯೇ ಹೊರತು ಹಾಲಲ್ಲ.

ಕತ್ತರಿಸದೆಯೂ ಇವನ್ನು ಗುರುತಿಸಬಹುದು. ಕಂಬಗಳ್ಳಿಯ ಏಣುಗಳ ಮೇಲೆ ಸಾಲಾಗಿ ಹತ್ತಿಯ ಚುಕ್ಕೆಯಂಥ ಚಿಕ್ಕ ಗದ್ದುಗೆಗಳಿರುತ್ತವೆ. ಪ್ರತಿ ಗದ್ದುಗೆಯಿಂದ ಮುಳ್ಳುಗಳು ಗೊಂಚಲಾಗಿ ಹೊರಡುತ್ತವೆ. ಹೊಸ ಕೊಂಬೆ, ಹೂ ಬರುವುದೂ ಈ ಗದ್ದುಗೆಯಿಂದಲೇ. ಚದುರಗಳ್ಳಿಯಲ್ಲಿ ಗದ್ದುಗೆ ಇರುವುದಿಲ್ಲ, ಮುಳ್ಳುಗಳು ಜೋಡಿಜೋಡಿಯಾಗಿರುತ್ತವೆ.

ಜಾತಿಯ ಆಯ್ಕೆ

ಹೊಸಬರಿಗೆ ಸೀರಿಯಸ್ ಜಾತಿಯ ಕಂಬಗಳ್ಳಿ ಅತ್ಯಂತ ಸೂಕ್ತ. ಸಸ್ಯಾಗಾರಗಳಲ್ಲಿ ಇದನ್ನು ಬಹುಮಟ್ಟಿಗೆ ಸೀರಿಯಸ್ ಪೆರುವಿಯಾನಸ್ ಎಂಬ ಹಳೆಯ ಹೆಸರಿನಲ್ಲೇ ಮಾರುತ್ತಾರೆ. ಇದು ಬೇಗ ಬೆಳೆಯುತ್ತದೆ, ತುಂಡುಗಳಿಂದ ಸುಲಭವಾಗಿ ಬೇರು ಬಿಡುತ್ತದೆ. ನೀಲಿ ಬಣ್ಣದ ಪೈಲೊಸೊಸೀರಿಯಸ್ ನೋಡಲು ಚೆಂದ. ಆದರೆ ಹೆಚ್ಚು ನೀರನ್ನು ಸ್ವಲ್ಪವೂ ಸಹಿಸದು. ಚಿತ್ರಗಳಲ್ಲಿ ಕಾಣುವ, ತೋಳು ಚಾಚಿ ನಿಂತ ಅರಿಜೋನದ ಸಗ್ವಾರೊ ಕಳ್ಳಿಯನ್ನು ಹೊಸಬರು ಬಯಸಬಾರದು. ಅದನ್ನು ಬೀಜದಿಂದಲೇ ಬೆಳೆಸಬೇಕು, ಮೊದಲ ತೋಳು ಒಡೆಯಲು ಸಾಮಾನ್ಯವಾಗಿ 50 ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.

ಮಣ್ಣು ಮತ್ತು ಕುಂಡ

ಎರೆ ಮಣ್ಣು ಕಂಬಗಳ್ಳಿಗೆ ಒಗ್ಗದು. ಅದು ನೀರನ್ನು ಬಹಳ ದಿನ ಹಿಡಿದಿಡುತ್ತದೆ, ಒಣಗಿದಾಗ ಬಿರಿದು ಬೇರನ್ನು ಹರಿಯುತ್ತದೆ. ಮಸಾರಿ ಮಣ್ಣು ಎರಡು ಪಾಲು, ದಪ್ಪ ಮರಳು ಎರಡು ಪಾಲು, ಇಟ್ಟಿಗೆ ಚೂರು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು ಸೇರಿಸಿ ಮಿಶ್ರಣ ಮಾಡಬೇಕು. ಯಂತ್ರದ ಮರಳಾದರೆ ಜರಡಿ ಹಿಡಿದು ನುಣುಪು ಪುಡಿಯನ್ನು ತೆಗೆಯಬೇಕು. ಹಸಿ ಸಗಣಿ ಅಥವಾ ಅರೆಕಳಿತ ಗೊಬ್ಬರ ಹಾಕಿದರೆ ಕೊಳೆ ತಪ್ಪದು.

ಮಣ್ಣಿನ ಕುಂಡ ಉತ್ತಮ; ಅದರ ಮೈಯಿಂದಲೂ ತೇವ ಆರುತ್ತದೆ. ಗಿಡದ ದಪ್ಪಕ್ಕಿಂತ ಎರಡು ಅಂಗುಲ ಅಗಲದ ಕುಂಡ ಸಾಕು. ಚಿಕ್ಕ ಗಿಡಕ್ಕೆ ದೊಡ್ಡ ಕುಂಡವಾದರೆ ಬೇರು ಮುಟ್ಟದ ಮಣ್ಣು ಸದಾ ಒದ್ದೆಯಾಗಿ ಉಳಿಯುತ್ತದೆ. ತಳದ ತೂತಿನ ಮೇಲೆ ಹೆಂಚಿನ ಚೂರನ್ನು ಬೋರಲಾಗಿಡಬೇಕು.

ನೀರು ಮತ್ತು ಬಿಸಿಲು

ಬೇರೆ ಗಿಡಗಳು ಹಗಲಿನಲ್ಲಿ ಉಸಿರುರಂಧ್ರ ತೆರೆದು ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತವೆ. ಕಳ್ಳಿ ಹಾಗಲ್ಲ. ಅದು ತಂಪಾದ ರಾತ್ರಿಯಲ್ಲಿ ರಂಧ್ರಗಳನ್ನು ತೆರೆದು, ಹಗಲಿನ ಆಹಾರ ತಯಾರಿಕೆಗೆ ಬೇಕಾದ ಗಾಳಿಯನ್ನು ಕೂಡಿಟ್ಟುಕೊಳ್ಳುತ್ತದೆ. ಆದ್ದರಿಂದಲೇ ಅಷ್ಟು ಕಡಿಮೆ ನೀರಿನಲ್ಲಿ ಬದುಕುತ್ತದೆ.

ಮಾರ್ಚ್‌ನಿಂದ ಮೇ ವರೆಗೆ ಕುಂಡದ ಗಿಡಕ್ಕೆ 8-10 ದಿನಕ್ಕೊಮ್ಮೆ ಸಂಜೆ ನೀರು ಕೊಡಬೇಕು. ಕೊಟ್ಟಾಗ ತಳದಿಂದ ಹೊರಬರುವಷ್ಟು ಕೊಡಬೇಕು. ಮಣ್ಣು ಪೂರ್ತಿ ಒಣಗುವವರೆಗೆ ಮತ್ತೆ ಕೊಡಬಾರದು. ಮಳೆಗಾಲದಲ್ಲಿ ಮಳೆಯ ನೀರೇ ಸಾಕು. ಹುಬ್ಬೆ, ಉತ್ತರೆ ಮಳೆ ಹಿಡಿದಾಗ ಕುಂಡಗಳನ್ನು ಸೂರಿನ ಕೆಳಗೆ ಸರಿಸುವುದು ಲೇಸು. ನವೆಂಬರ್‌ನಿಂದ ಫೆಬ್ರವರಿವರೆಗೆ ತಿಂಗಳಿಗೊಮ್ಮೆ ನೀರು ಕೊಟ್ಟರಾಯಿತು. ಕೊಳವೆಬಾವಿಯ ಗಡಸು ನೀರಿನಿಂದ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿದರೆ, ಮೇಲಿನ ಒಂದು ಅಂಗುಲ ಮಣ್ಣು ಬದಲಿಸಬೇಕು. ಹಿಡಿದಿಟ್ಟ ಮಳೆನೀರು ಇದ್ದರೆ ಇನ್ನೂ ಒಳ್ಳೆಯದು.

ಸಸ್ಯಾಗಾರದ ನೆರಳಿನಲ್ಲಿ ಬೆಳೆದ ಗಿಡವನ್ನು ಏಪ್ರಿಲ್ ಬಿಸಿಲಿಗೆ ಒಮ್ಮೆಲೇ ಇಟ್ಟರೆ ಮೈ ಸುಟ್ಟು ಬಿಳಿಚಿಕೊಳ್ಳುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ. ಎರಡು-ಮೂರು ವಾರ ಬೆಳಗಿನ ಬಿಸಿಲಿಗೆ ಮಾತ್ರ ಒಡ್ಡಿ, ಕ್ರಮೇಣ ಬಯಲಿಗೆ ತರಬೇಕು. ಮನೆಯೊಳಗಿನ ಕತ್ತಲಿನಲ್ಲಿಟ್ಟರೆ ತುದಿ ಸಣಕಲಾಗಿ, ಪೇಲವವಾಗಿ ಬೆಳೆಯುತ್ತದೆ.

ತುಂಡುಗಳಿಂದ ಸಸ್ಯಾಭಿವೃದ್ಧಿ

ಫೆಬ್ರವರಿ, ಮಾರ್ಚ್ ತಿಂಗಳುಗಳು ಈ ಕೆಲಸಕ್ಕೆ ಸೂಕ್ತ ಕಾಲ. ಗಾಳಿ ಒಣದಾಗಿರುವುದರಿಂದ ಗಾಯ ಬೇಗ ಮಾಯುತ್ತದೆ, ಮಳೆಗಾಲಕ್ಕೆ ಮುಂಚೆ ಬೇರು ಕೂಡುತ್ತದೆ.

1. ರೋಗವಿಲ್ಲದ ಗಿಡವನ್ನು ಗೋಣಿತಾಟಿನಿಂದ ಸುತ್ತಿ ಹಿಡಿದು, ಸ್ಪಿರಿಟ್‌ನಿಂದ ಒರೆಸಿದ ಹರಿತವಾದ ಚಾಕುವಿನಿಂದ ಒಂದು ಅಡಿ ಉದ್ದದ ತುಂಡು ಕತ್ತರಿಸಬೇಕು. ಪ್ರತಿ ಗಿಡಕ್ಕೂ ಚಾಕುವನ್ನು ಮತ್ತೆ ಒರೆಸಬೇಕು.

2. ಒಂದೇ ಕಂಬದಿಂದ ಹಲವು ತುಂಡು ಮಾಡುವಾಗ ಪ್ರತಿಯೊಂದರ ಬುಡಕ್ಕೆ ಗುರುತು ಹಾಕಬೇಕು. ತಲೆಕೆಳಗಾಗಿ ನೆಟ್ಟ ತುಂಡು ಸರಿಯಾಗಿ ಏಳುವುದಿಲ್ಲ.

3. ಬುಡದ ಅಂಚನ್ನು ಪೆನ್ಸಿಲ್ ಹೆರೆದಂತೆ ಸುತ್ತಲೂ ಸ್ವಲ್ಪ ಓರೆಯಾಗಿ ಹೆರೆಯಬೇಕು. ಒಣಗುವಾಗ ನಡುಭಾಗ ಒಳಗೆ ಕುಗ್ಗುತ್ತದೆ. ತಿರುಳಿನ ಸುತ್ತ ಇರುವ ನಾಳಗಳ ಉಂಗುರದಿಂದಲೇ ಬೇರು ಬರುವುದರಿಂದ, ಆ ಭಾಗ ಮಣ್ಣಿಗೆ ತಾಗುವಂತಿರಬೇಕು.

4. ತುಂಡುಗಳನ್ನು ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ಹೆಬ್ಬೆರಳು ಗಾತ್ರದ ತುಂಡಿಗೆ ಒಂದು ವಾರ, ತೋಳಿನ ಗಾತ್ರದ್ದಕ್ಕೆ ಮೂರು ವಾರ ಬೇಕು. ಈರುಳ್ಳಿ ಬೆಳೆಯುವ ರೈತರಿಗೆ ಇದರ ಮರ್ಮ ಗೊತ್ತಿದೆ. ಕತ್ತು ಒಣಗದ ಈರುಳ್ಳಿಯನ್ನು ಶೇಖರಿಸಿದರೆ ಕೊಳೆಯುವುದು ಹೇಗೋ, ಗಾಯ ಒಣಗದ ಕಳ್ಳಿಯನ್ನು ನೆಟ್ಟರೆ ಕೊಳೆಯುವುದೂ ಹಾಗೆಯೇ. ಗಾಯದ ಮೇಲೆ ಗಟ್ಟಿ ಪೊರೆ ಕಟ್ಟಿ, ಬೆರಳಿಗೆ ಒರಟಾಗಿ ತಾಗಿದಾಗ ತುಂಡು ಸಿದ್ಧವಾಯಿತೆಂದು ತಿಳಿಯಬೇಕು.

5. ಒಣ ಮಿಶ್ರಣದಲ್ಲಿ ಎರಡು ಅಂಗುಲ ಆಳಕ್ಕೆ ಮಾತ್ರ ನೆಟ್ಟು, ಕೋಲಿನ ಆಸರೆ ಕೊಡಬೇಕು. ಮೊದಲ ಹತ್ತು ದಿನ ನೀರು ಕೊಡಬಾರದು. ಆಮೇಲೆ ವಾರಕ್ಕೊಮ್ಮೆ ಮಣ್ಣು ನೆನೆಯುವಷ್ಟು ಕೊಟ್ಟರೆ ಸಾಕು. ಬೇರು ಬರಲು ಸಾಮಾನ್ಯವಾಗಿ 3-6 ವಾರ ಬೇಕು. ಅಲ್ಲಿಯವರೆಗೆ ತುಂಡು ಸ್ವಲ್ಪ ಸುಕ್ಕಾದರೂ ಗಾಬರಿ ಬೇಡ. ಒಳಗಿನ ನೀರಿನಿಂದಲೇ ಅದು ಬದುಕುತ್ತಿರುತ್ತದೆ. ಬೇರು ಬಂತೇ ಎಂದು ಕಿತ್ತು ನೋಡಿದರೆ ಎಳೆಯ ಬೇರು ಮುರಿಯುತ್ತದೆ. ತುದಿಯಲ್ಲಿ ಹೊಸ ಹಸಿರು ಕಂಡರೆ ಬೇರು ಕೂಡಿದೆ ಎಂದರ್ಥ.

ಉಳಿದ ತಾಯಿ ಬುಡವನ್ನು ಕೀಳಬಾರದು. ಅದರ ತಲೆಯನ್ನು ನೀರು ನಿಲ್ಲದಂತೆ ಓರೆಯಾಗಿ ಕತ್ತರಿಸಿ ಬಿಟ್ಟರೆ, ಮೇಲಿನ ಗದ್ದುಗೆಗಳಿಂದ ಎರಡು-ಮೂರು ಹೊಸ ಕೊಂಬೆಗಳು ಒಡೆಯುತ್ತವೆ.

ಕೊಳೆ ಮತ್ತು ಹಿಟ್ಟು ತಿಗಣೆ

ಬುಡ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗುವುದು ಕೊಳೆಯ ಲಕ್ಷಣ. ನೀರು ನಿಲ್ಲಿಸಿದರೆ ಮಾತ್ರ ಇದು ವಾಸಿಯಾಗದು. ಕೊಳೆತ ಭಾಗದ ಮೇಲಕ್ಕೆ ಕತ್ತರಿಸಿ, ನಡುವಿನ ಉಂಗುರದಲ್ಲಿ ಕಂದು ಚುಕ್ಕೆ ಇದೆಯೇ ನೋಡಬೇಕು. ಒಂದು ಚುಕ್ಕೆಯಿದ್ದರೂ ಚಾಕು ಒರೆಸಿ, ತಿರುಳು ಶುದ್ಧವಾಗಿ ಕಾಣುವವರೆಗೆ ಮತ್ತೆ ಮತ್ತೆ ಕತ್ತರಿಸಬೇಕು. ಗಾಯಕ್ಕೆ ಗಂಧಕದ ಪುಡಿ ಸವರಿ, ಮೇಲೆ ಹೇಳಿದಂತೆ ಒಣಗಿಸಿ ನೆಟ್ಟರೆ ಗಿಡ ಉಳಿಯುತ್ತದೆ. ಬುಡ ಹೋದ ಮಾತ್ರಕ್ಕೆ ಗಿಡ ಹೋಯಿತೆಂದು ಎಸೆಯುವ ಅಗತ್ಯವಿಲ್ಲ.

ಏಣುಗಳ ಸಂದಿನಲ್ಲಿ ಬಿಳಿ ಹತ್ತಿಯಂತೆ ಕಾಣುವ ಹಿಟ್ಟು ತಿಗಣೆಯನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಬೇಕು. ಇರುವೆಗಳ ಓಡಾಟ ಹೆಚ್ಚಾದರೆ ತಿಗಣೆ ಇದೆಯೇ ಎಂದು ಹುಡುಕಬೇಕು. ಗಿಡ ಕಾರಣವಿಲ್ಲದೆ ಸೊರಗಿದರೆ ಬೇರಿನಲ್ಲಿಯೂ ನೋಡಬೇಕು.

ಹೂವು ಮತ್ತು ಕಾಯಿ

ಬಲಿತ ಸೀರಿಯಸ್ ಗಿಡ ರಾತ್ರಿ ದೊಡ್ಡ ಬಿಳಿ ಹೂ ಬಿಟ್ಟು, ಬೆಳಗ್ಗೆ ಬಿಸಿಲೇರುವಷ್ಟರಲ್ಲಿ ಬಾಡುತ್ತದೆ. ಹೂ ಬಂದರೂ ಕಾಯಿ ನಿಲ್ಲದಿದ್ದರೆ ಆಶ್ಚರ್ಯವಿಲ್ಲ. ಸಾಮಾನ್ಯವಾಗಿ ಇದು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ. ಒಂದೇ ತಾಯಿಯಿಂದ ತುಂಡು ಮಾಡಿ ಬೆಳೆಸಿದ ಹತ್ತು ಗಿಡಗಳೂ ಈ ವಿಷಯದಲ್ಲಿ ಒಂದೇ ಗಿಡವಿದ್ದಂತೆ. ಬೇರೆ ಮೂಲದ ಒಂದು ಗಿಡ ತಂದು, ರಾತ್ರಿ ಮೆತ್ತನೆಯ ಕುಂಚದಿಂದ ಪರಾಗ ಮುಟ್ಟಿಸಿದರೆ ತಿನ್ನಲು ಯೋಗ್ಯವಾದ ಹಣ್ಣು, ಬಿತ್ತಲು ಕಪ್ಪು ಬೀಜ ದೊರೆಯುತ್ತವೆ. ಇಸ್ರೇಲ್ ದೇಶದಲ್ಲಿ ಇದನ್ನು ಹಣ್ಣಿನ ಬೆಳೆಯಾಗಿಯೇ ಬೆಳೆಸಿದ್ದಾರೆ.

ಕಳ್ಳಿ ಕಳೆಯಾಗದಿರಲಿ

ಕತ್ತರಿಸಿ ಉಳಿದ ಚೂರುಗಳನ್ನು ಗೋಮಾಳ, ಹಳ್ಳದ ದಂಡೆ, ತಿಪ್ಪೆಗಳಿಗೆ ಎಸೆಯಬಾರದು. ಚೂರು ಬಿದ್ದಲ್ಲಿ ಬೇರು ಬಿಡುವುದು ಕಳ್ಳಿಯ ಗುಣ. ಪಾಪಾಸುಕಳ್ಳಿ ಹೀಗೆಯೇ ಹಬ್ಬಿ ದಕ್ಷಿಣ ಭಾರತದಲ್ಲಿ ಅಪಾರ ಭೂಮಿಯನ್ನು ಆಕ್ರಮಿಸಿತ್ತು. 1926ರಲ್ಲಿ ಶ್ರೀಲಂಕಾದಿಂದ ಕೊಚಿನೀಲ್ ಎಂಬ ಕೀಟವನ್ನು ತಂದು ಬಿಟ್ಟ ಮೇಲೆಯೇ ಅದು ಹತೋಟಿಗೆ ಬಂದಿತು. ಬ್ರೆಜಿಲ್ ಮೂಲದ ಸೀರಿಯಸ್ ಜಮಕಾರು ಎಂಬ ಕಂಬಗಳ್ಳಿ ದಕ್ಷಿಣ ಆಫ್ರಿಕದಲ್ಲಿ ಘೋಷಿತ ಕಳೆಯಾಗಿದೆ. ದನಕರು ಮೇಯುವ ಜಾಗ ಒಮ್ಮೆ ಮುಳ್ಳಿನ ಪಾಲಾದರೆ ಬಿಡಿಸಿಕೊಳ್ಳುವುದು ಕಷ್ಟ. ಆದ್ದರಿಂದ ಚೂರುಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಸುಡಬೇಕು. ಕುಂಡಗಳನ್ನು ಮಕ್ಕಳು ಓಡಾಡುವ ದಾರಿಯಿಂದ ದೂರವಿಡಬೇಕು.

ಒಟ್ಟಿನಲ್ಲಿ, ಒಣ ಗಾಯ, ಒಣ ಮಣ್ಣು, ತಾಳ್ಮೆ ಈ ಮೂರೂ ಇದ್ದರೆ ಕಂಬಗಳ್ಳಿ ಸೋಲುವುದಿಲ್ಲ. ಮೊದಲ ಬಾರಿಗೆ ಬೆಳೆಸುವವರು ಇರುವ ಒಂದೇ ಗಿಡವನ್ನು ಪೂರ್ತಿ ಕತ್ತರಿಸದೆ, ಒಂದು ತುಂಡಿನಿಂದ ಪ್ರಾರಂಭಿಸುವುದು ಒಳ್ಳೆಯದು. ಅದು ಬೇರು ಹಿಡಿದ ಮೇಲೆ ಉಳಿದವನ್ನು ಮಾಡಿಕೊಂಡು, ನೆರೆಹೊರೆಯವರಿಗೂ ಹಂಚಬಹುದು.