*ದಿನದ ಧಮ್ಮ ಚಿಂತನೆ: ಧಾರ್ಮಿಕ ಸ್ವಾತಂತ್ರ್ಯದ ಗಡಿ ಎಲ್ಲಿದೆ?*





ಅಮೆರಿಕದಲ್ಲಿ ಹತ್ತು ವರ್ಷಕ್ಕೂ ಮೇಲಾಗಿ ಒಂದು ವಾದ ನಡೆಯುತ್ತಿದೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗುವ ಜೋಡಿಗೆ "ನಿಮ್ಮ ಮದುವೆಗೆ ಕೇಕ್ ಮಾಡಿಕೊಡುವುದಿಲ್ಲ, ನನ್ನ ಧರ್ಮ ಒಪ್ಪುವುದಿಲ್ಲ" ಎಂದು ಅಂಗಡಿಯವನು ಹೇಳಬಹುದೇ? ಹಾಗೆ ಹೇಳುವವರನ್ನು 'ಧಾರ್ಮಿಕ ಸ್ವಾತಂತ್ರ್ಯ'ದ ಹೆಸರಿನ ಕಾನೂನು ಕಾಪಾಡಬೇಕೇ?

ದೂರದ ದೇಶದ ಮಾತು, ನಮಗೇಕೆ ಎನ್ನಿಸಬಹುದು. ಆದರೆ "ನನ್ನ ಧರ್ಮ ಒಪ್ಪುವುದಿಲ್ಲ" ಎಂಬುದು ನಮ್ಮ ಹಿರಿಯರು ಕೆರೆಯ ದಂಡೆಯಲ್ಲಿ, ಬಾವಿಯ ಕಟ್ಟೆಯಲ್ಲಿ ಕೇಳಿದ ಮಾತು. ಅದಕ್ಕೇ ಇಂದು ಇದನ್ನು ಯೋಚಿಸೋಣ.

*1. ಕಾನೂನು ಹುಟ್ಟಿದ್ದು ಏಕೆ?*

ಆರೆಗಾನ್ ರಾಜ್ಯದಲ್ಲಿ ಅಮೆರಿಕದ ಮೂಲನಿವಾಸಿಗಳ ಚರ್ಚಿಗೆ ಸೇರಿದ ಇಬ್ಬರು ತಮ್ಮ ಪ್ರಾರ್ಥನೆಯ ಪದ್ಧತಿಯಂತೆ ಪೆಯೋಟಿ ಎಂಬ ಕಳ್ಳಿ ಗಿಡವನ್ನು ಸೇವಿಸಿದರು. ಅದು ಮಾದಕ ವಸ್ತು ಎಂದು ಕೆಲಸ ಹೋಯಿತು, ನಿರುದ್ಯೋಗ ಭತ್ಯೆಯೂ ಸಿಗಲಿಲ್ಲ. 1990ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅವರ ಕೈ ಹಿಡಿಯಲಿಲ್ಲ. ಹೀಗಾದರೆ ಸಣ್ಣ ಧರ್ಮಗಳ ಗತಿಯೇನು ಎಂಬ ಕೂಗೆದ್ದು 1993ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಪುನಃಸ್ಥಾಪನಾ ಕಾಯ್ದೆ ಬಂತು. ಬಲವಾದ ಕಾರಣವಿಲ್ಲದೆ ಸರ್ಕಾರ ಯಾರ ಧರ್ಮಾಚರಣೆಗೂ ದೊಡ್ಡ ಅಡ್ಡಿ ಮಾಡಬಾರದು ಎಂಬುದು ಅದರ ಸಾರ. ಉದ್ದೇಶ ಒಳ್ಳೆಯದೇ.

*2. ದಿಕ್ಕು ತಪ್ಪಿದ್ದು ಎಲ್ಲಿ?*

2015ರ ಮಾರ್ಚಿನಲ್ಲಿ ಇಂಡಿಯಾನಾ ರಾಜ್ಯ ಅದೇ ಹೆಸರಿನ ಕಾಯ್ದೆ ತಂದಿತು. ಅದರಲ್ಲಿ ವ್ಯಾಪಾರ ಸಂಸ್ಥೆಗಳಿಗೂ ರಕ್ಷಣೆ ಇತ್ತು. ಸಲಿಂಗ ಜೋಡಿಗಳನ್ನು ಹೊರಗಿಡಲು ಇದು ದಾರಿಯಾಗುತ್ತದೆ ಎಂದು ದೊಡ್ಡ ವಿರೋಧ ಎದ್ದಿತು. ಸೇವೆ ನಿರಾಕರಿಸಲು ಈ ಕಾಯ್ದೆಯನ್ನು ಬಳಸುವಂತಿಲ್ಲ ಎಂದು ಏಪ್ರಿಲ್ ಆರಂಭದಲ್ಲೇ ತಿದ್ದುಪಡಿ ಮಾಡಬೇಕಾಯಿತು.

ಅದೇ ವರ್ಷ ಜೂನ್ 26ರಂದು ಅಲ್ಲಿನ ಸುಪ್ರೀಂ ಕೋರ್ಟ್ ಸಲಿಂಗ ಮದುವೆಯ ಹಕ್ಕನ್ನು ಇಡೀ ದೇಶಕ್ಕೆ ಅನ್ವಯಿಸಿತು. ಕೆಂಟಕಿಯ ಸರ್ಕಾರಿ ಅಧಿಕಾರಿ ಕಿಮ್ ಡೇವಿಸ್, ದೇವರ ಹೆಸರು ಹೇಳಿ, ಮದುವೆ ಪರವಾನಗಿ ಕೊಡುವುದನ್ನೇ ನಿಲ್ಲಿಸಿದರು. ನ್ಯಾಯಾಂಗ ನಿಂದನೆಗಾಗಿ ಕೆಲವು ದಿನ ಜೈಲಿನಲ್ಲಿದ್ದರು. 2016ರಲ್ಲಿ ಮಿಸಿಸಿಪ್ಪಿ ರಾಜ್ಯ ಮದುವೆ ಎಂದರೆ ಒಂದು ಗಂಡು, ಒಂದು ಹೆಣ್ಣು ಎಂಬ ನಂಬಿಕೆಗೇ ವಿಶೇಷ ರಕ್ಷಣೆ ಕೊಡುವ ಕಾನೂನು ಮಾಡಿತು.

ವ್ಯತ್ಯಾಸ ಗಮನಿಸಿ. 1993ರ ಕಾಯ್ದೆ ದುರ್ಬಲನ ಪ್ರಾರ್ಥನೆಯನ್ನು ಸರ್ಕಾರದಿಂದ ಕಾಪಾಡಲು ಬಂದದ್ದು. ಈಗ ಅದೇ ಹೆಸರು ಕೌಂಟರಿನ ಒಳಗೆ ಕೂತವರನ್ನು ಹೊರಗೆ ನಿಂತವರಿಂದ ಕಾಪಾಡಲು ಬಳಕೆಯಾಗುತ್ತಿದೆ.

*3. ಈ ವಾದ ಹೊಸದಲ್ಲ*

1964ರ ನಾಗರಿಕ ಹಕ್ಕುಗಳ ಕಾಯ್ದೆಯ ನಂತರವೂ ದಕ್ಷಿಣ ಕೆರೊಲಿನಾದ ಒಬ್ಬ ಹೋಟೆಲ್ ಮಾಲೀಕ ಕಪ್ಪು ಜನರನ್ನು ಒಳಗೆ ಕೂರಿಸಿ ಊಟ ಕೊಡಲು ಒಪ್ಪಲಿಲ್ಲ. ಈ ಕಾಯ್ದೆ ದೇವರ ಇಚ್ಛೆಗೆ ವಿರುದ್ಧ ಎಂದು ಕೋರ್ಟಿನಲ್ಲೂ ವಾದಿಸಿದ. 1968ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹುರುಳಿಲ್ಲದ ವಾದ ಎಂದು ತಳ್ಳಿಹಾಕಿತು.

ಮಹಾಡ್ ನಮಗೆಲ್ಲ ಗೊತ್ತು. ಚವದಾರ್ ಕೆರೆ ಪುರಸಭೆಯದು, ಎಲ್ಲರಿಗೂ ತೆರೆದಿದೆ ಎಂದು ಕಾಗದದಲ್ಲಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಂದಿಗೆ ಹೋಗಿ ನೀರು ಕುಡಿದಾಗ ಸವರ್ಣೀಯರು ಹಲ್ಲೆ ಮಾಡಿದರು, ಸಗಣಿ ಗೋಮೂತ್ರ ಸುರಿದು ಕೆರೆಯನ್ನು 'ಶುದ್ಧಿ' ಮಾಡಿದರು. ರೂಢಿಯ ಹೆಸರಿನಲ್ಲಿ ಕೋರ್ಟಿಗೂ ಹೋದರು. 1937ರಲ್ಲಿ ಬಾಂಬೆ ಹೈಕೋರ್ಟ್ ಅವರ ವಾದವನ್ನು ಒಪ್ಪಲಿಲ್ಲ. ಅವರ ನಂಬಿಕೆ ನಿಜವಾದದ್ದೇ ಇರಬಹುದು. ಪ್ರಶ್ನೆ ಅದಲ್ಲ. ಅವರ ನಂಬಿಕೆಯ ಬೆಲೆಯನ್ನು ಬಾಯಾರಿದವರು ಏಕೆ ತೆರಬೇಕು?

*4. ಹಾಗಾದರೆ ಧಾರ್ಮಿಕ ಸ್ವಾತಂತ್ರ್ಯ ಬೇಡವೇ?*

ಬೇಕೇ ಬೇಕು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಬುದ್ಧನಿಗೆ ಶರಣಾದದ್ದು ಆ ಸ್ವಾತಂತ್ರ್ಯದ ಬಲದಿಂದಲೇ. ಆದರೆ ನಮ್ಮ ಸಂವಿಧಾನದ 25ನೇ ವಿಧಿ ಆ ಹಕ್ಕನ್ನು ಕೊಡುವಾಗಲೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಉಳಿದ ಮೂಲಭೂತ ಹಕ್ಕುಗಳಿಗೆ ಒಳಪಟ್ಟು ಎನ್ನುತ್ತದೆ. 15ನೇ ವಿಧಿ ಅಂಗಡಿ, ಹೋಟೆಲ್, ಬಾವಿ, ಕೆರೆಗಳನ್ನು ಹೆಸರಿಸಿಯೇ ಭೇದಭಾವವನ್ನು ನಿಷೇಧಿಸುತ್ತದೆ.

ಗಡಿ ಇಲ್ಲಿದೆ. ನನ್ನ ನಂಬಿಕೆಯಂತೆ ನಾನು ಬದುಕುವುದು ಸ್ವಾತಂತ್ರ್ಯ. ಎಲ್ಲರಿಗೂ ತೆರೆದ ಬಾಗಿಲನ್ನು ಇನ್ನೊಬ್ಬರ ಮುಖಕ್ಕೆ ಮುಚ್ಚುವುದು ಅಧಿಕಾರ. ಯಾವ ಪಾದ್ರಿಯನ್ನೂ, ಯಾವ ಭಂತೇಜಿಯನ್ನೂ ಇಷ್ಟವಿಲ್ಲದ ಮದುವೆ ನಡೆಸಿಕೊಡಿ ಎಂದು ಬಲವಂತ ಮಾಡಬೇಕಿಲ್ಲ. ಸರ್ಕಾರಿ ಕಚೇರಿ, ಆಸ್ಪತ್ರೆ, ಅಂಗಡಿಯ ಮಾತು ಬೇರೆ. ನಡುವೆ ಕಷ್ಟದ ಪ್ರಕರಣಗಳೂ ಇವೆ. 2018ರಲ್ಲಿ ಕೊಲರಾಡೋದ ಕೇಕ್ ಅಂಗಡಿಯವನು ಗೆದ್ದ, ಆದರೆ ವಿಚಾರಣೆ ನಡೆಸಿದ ಆಯೋಗ ಅವನ ಧರ್ಮದ ಬಗ್ಗೆ ಹಗೆತನ ತೋರಿತು ಎಂಬ ಕಾರಣಕ್ಕೆ. 2023ರಲ್ಲಿ ವೆಬ್‌ಸೈಟ್ ವಿನ್ಯಾಸಕಿಯೊಬ್ಬರು ಗೆದ್ದರು, ಅದು ವಾಕ್ ಸ್ವಾತಂತ್ರ್ಯದ ಆಧಾರದ ಮೇಲೆ. ಧರ್ಮದ ಹೆಸರಿನಲ್ಲಿ ಯಾರನ್ನು ಬೇಕಾದರೂ ಹೊರಗಿಡಬಹುದು ಎಂದು ಆ ತೀರ್ಪುಗಳು ಹೇಳಿಲ್ಲ.

*5. ಧಮ್ಮದ ಅಳತೆಗೋಲು*

ಆನಂದ ಬಾವಿಯ ಬಳಿ ಪ್ರಕೃತಿಯಲ್ಲಿ ನೀರು ಕೇಳಿದ. ತಾನು ಕೀಳು ಕುಲದವಳು ಎಂದು ಅವಳು ಹಿಂಜರಿದಳು. ಅವನು ಕೇಳಿದ್ದು ನೀರನ್ನು, ಕುಲವನ್ನಲ್ಲ. ಮೂರನೆಯ ಶೀಲ ಕಾಮದಲ್ಲಿ ದುರಾಚಾರ ಬೇಡ ಎನ್ನುತ್ತದೆ. ಬಲವಂತ, ಮೋಸ, ಇನ್ನೊಬ್ಬರಿಗೆ ನೋವು ಇದ್ದಲ್ಲಿ ದುರಾಚಾರ. ಇಬ್ಬರು ವಯಸ್ಕರು ಒಪ್ಪಿ, ನಿಷ್ಠೆಯಿಂದ ಬಾಳಿದರೆ ಯಾರಿಗೆ ನೋವು?

ನಮ್ಮ ದೇಶದಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಆ ತೀರ್ಪಿಗೆ ಬಲ ಕೊಟ್ಟದ್ದು ಬಾಬಾಸಾಹೇಬರು ಎತ್ತಿ ಹಿಡಿದ ಸಾಂವಿಧಾನಿಕ ನೈತಿಕತೆ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಅವರ ಮದುವೆಗೆ ಮಾನ್ಯತೆ ಸಿಗಲಿಲ್ಲ. ಬಾಡಿಗೆ ಮನೆ ಕೇಳಲು ಹೋದಾಗ ಜಾತಿ ಕೇಳಿಸಿಕೊಂಡವರು ನಾವು. ಅಂಥ ಜೋಡಿ ನಮ್ಮ ಮನೆ ಬಾಗಿಲಿಗೆ ಬಾಡಿಗೆ ಕೇಳಿ ಬಂದರೆ ನಾವೇನು ಕೇಳುತ್ತೇವೆ? ನಮ್ಮದೇ ಮಗ, ಮಗಳು ಬಂದು ಹೇಳಿಕೊಂಡರೆ?

*ಇಂದಿನ ಅಭ್ಯಾಸ:* ಧ್ಯಾನಕ್ಕೆ ಕೂತಾಗ ನಾನು ಯಾರಿಗೆ, ಯಾವ ಬಾಗಿಲು ಮುಚ್ಚಿದ್ದೇನೆ ಎಂದು ನೋಡಿಕೊಳ್ಳಿ. ನಂತರ ಮನೆಯವರೊಂದಿಗೆ ಒಮ್ಮೆ ಮಾತಾಡಿ. ಭಾನುವಾರ ವಿಹಾರದಲ್ಲಿ ಚರ್ಚಿಸೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. ನಮೋ ಬುದ್ಧಾಯ. 🙏