ಸೋಲಾರ್ ಹೀಟರ್ ಕೈಕೊಟ್ಟಾಗ ಮೊದಲು ಏನು ನೋಡಬೇಕು?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ನಮ್ಮ ಸಖರಾಯಪಟ್ಟಣದಲ್ಲಿ ಡಿಸೆಂಬರ್ ಬಂತೆಂದರೆ ಬೆಳಗಿನ ಬಿಸಿನೀರಿನ ಬೆಲೆ ಗೊತ್ತಾಗುತ್ತದೆ. ಫಜರ್‌ಗೆ ವಜೂ ಮಾಡುವ ದಾದಿಯನ್ನು ಕೇಳಿದರೆ ಸಾಕು! ತಾರಸಿಯ ಸೋಲಾರ್ ಹೀಟರ್ ಕೆಟ್ಟಿತೆಂದು ಕೂಡಲೇ ಹಣ ಖರ್ಚು ಮಾಡುವ ಮುಂಚೆ ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯೋಣ.

ಕೆಲಸ ಮಾಡುವ ಬಗೆ

ಗಾಜಿನ ಕೊಳವೆಯಲ್ಲಿ ಕಾದ ನೀರು ಹಗುರವಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ. ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ಪಂಪ್ ಬೇಕಿಲ್ಲ. ಚಳಿ ದೇಶಗಳಲ್ಲಿ ಮನೆಯಂತೆ ವಾಸಿಸುವ ವಾಹನಗಳನ್ನು ಬೆಚ್ಚಗಿಡಲು ಡೀಸೆಲ್‌ನಿಂದ ಕಾಯಿಸಿದ ದ್ರವವನ್ನು ಪಂಪ್ ಮೂಲಕ ಪೈಪುಗಳಲ್ಲಿ ಸುತ್ತಿಸುತ್ತಾರೆ. ಎರಡಕ್ಕೂ ಒಬ್ಬನೇ ಶತ್ರು: ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ.

ನೀರೇ ಬರುತ್ತಿಲ್ಲವೇ?

1. ತಣ್ಣೀರಿನ ಟ್ಯಾಂಕ್ ತುಂಬಿದೆಯೇ, ವಾಲ್ವ್ ತೆರೆದಿದೆಯೇ ನೋಡಿ.
2. ಟ್ಯಾಂಕ್ ಒಮ್ಮೆ ಖಾಲಿಯಾಗಿ ಮತ್ತೆ ತುಂಬಿದ್ದರೆ ಬಿಸಿನೀರಿನ ಪೈಪಿನಲ್ಲಿ ಗಾಳಿ ನಿಂತಿರಬಹುದು. ಬಿಸಿಲೇರುವ ಮುಂಚೆ ಮಿಕ್ಸರ್ ನಲ್ಲಿಯ ಬಾಯಿಯನ್ನು ದಪ್ಪ ಬಟ್ಟೆಯಿಂದ ಒತ್ತಿ ಮುಚ್ಚಿ, ಬಿಸಿ ಮತ್ತು ತಣ್ಣೀರಿನ ತಿರುಪು ಎರಡನ್ನೂ ತೆರೆಯಿರಿ. ತಣ್ಣೀರು ಹಿಂದಕ್ಕೆ ನುಗ್ಗಿ ಗಾಳಿಯನ್ನು ವೆಂಟ್ ಪೈಪಿನ ಕಡೆ ತಳ್ಳುತ್ತದೆ.
3. ಸೋಲಾರ್ ಟ್ಯಾಂಕಿನ ಮೇಲೆ ನಿಂತಿರುವ ವೆಂಟ್ ಪೈಪನ್ನು ಎಂದೂ ಮುಚ್ಚಬೇಡಿ. ಗಾಳಿ, ಹಬೆ ಹೋಗುವ ದಾರಿ ಅದೊಂದೇ.

ಕಳೆದ ಚಳಿಗಾಲ ನಮ್ಮ ಮನೆಗೆ ಬಂದ ರಿಪೇರಿಯವರೊಬ್ಬರು ಪೈಪ್ ಮುಟ್ಟಿಯೂ ನೋಡದೆ ಟ್ಯಾಂಕ್ ಬದಲಿಸಿ ಎಂದಿದ್ದರು. ಅಬ್ಬಾ ಒಪ್ಪಲಿಲ್ಲ. ಗಾಳಿ ಹೊರಹಾಕಿದ ಮೇಲೆ ಅದೇ ಟ್ಯಾಂಕ್ ಇಂದಿಗೂ ನಡೆಯುತ್ತಿದೆ.

ನೀರು ಬಂದರೂ ಬಿಸಿಯಿಲ್ಲವೇ?

1. ಕೊಳವೆಗಳ ಮೇಲೆ ಧೂಳು ಕೂತಿದ್ದರೆ ಬೆಳಿಗ್ಗೆಯೇ ಒರೆಸಿ. ಕಾದ ಗಾಜಿಗೆ ತಣ್ಣೀರು ಎರಚಿದರೆ ಒಡೆಯಬಹುದು.
2. ದಕ್ಷಿಣದ ಕಡೆ ಮರ ಅಥವಾ ಹೊಸ ಗೋಡೆಯ ನೆರಳು ಬೀಳುತ್ತಿದೆಯೇ ನೋಡಿ. ಚಳಿಗಾಲದಲ್ಲಿ ನಮ್ಮೂರಿಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ.
3. ಪ್ರತಿ ಕೊಳವೆಯ ತುದಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಬೇರಿಯಂ ಪದರ ಇರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗಿನ ನಿರ್ವಾತ ಹೋಗಿದೆ ಎಂದರ್ಥ. ಆ ಒಂದು ಕೊಳವೆ ಬದಲಿಸಿದರೆ ಸಾಕು.
4. ಬೋರ್‌ವೆಲ್ ನೀರು ಗಡುಸಾಗಿದ್ದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಟ್ಯಾಂಕ್ ಖಾಲಿ ಮಾಡಿ ತೊಳೆಸಬೇಕು.

ಕೊಳವೆ ತೆಗೆಯುವ ಕೆಲಸವನ್ನು ತಿಳಿದವರಿಗೇ ಬಿಡಿ. ಬಿಸಿಲಲ್ಲಿ ಅದರೊಳಗಿನ ನೀರು ಮೈ ಸುಡುವಷ್ಟು ಕಾದಿರುತ್ತದೆ. ಬ್ಯಾಕಪ್ ಕಾಯಿಲ್ ಇದ್ದರೆ ಮೊದಲು ಅದರ ಸ್ವಿಚ್ ಆಫ್ ಮಾಡಿ.

ಲೆಕ್ಕ

ವಾಣಿಜ್ಯ ವಿದ್ಯಾರ್ಥಿ ಲೆಕ್ಕ ಬಿಡುವುದುಂಟೇ? 1 ಲೀಟರ್ ನೀರನ್ನು 1 ಡಿಗ್ರಿ ಕಾಯಿಸಲು ಸುಮಾರು 4.2 ಕಿಲೋಜೌಲ್ ಬೇಕು. 100 ಲೀಟರನ್ನು 25ರಿಂದ 55 ಡಿಗ್ರಿಗೆ ಏರಿಸಲು 12,600 ಕಿಲೋಜೌಲ್. 3,600 ಕಿಲೋಜೌಲ್‌ಗೆ ಒಂದು ಯೂನಿಟ್, ಅಂದರೆ 3.5 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೂ ದಿನಕ್ಕೆ 21, ತಿಂಗಳಿಗೆ 630 ರೂಪಾಯಿ. ಹೀಟರ್ ಕೆಟ್ಟು ಗೀಸರ್ ಹಾಕಿದ ಪ್ರತಿ ತಿಂಗಳೂ ಇಷ್ಟು ಹಣ ಕೈಬಿಡುತ್ತದೆ.

ಆದ್ದರಿಂದ ರಿಪೇರಿಯವರಿಗೆ ಫೋನ್ ಮಾಡುವ ಮುಂಚೆ ನೀರು ಬರುತ್ತಿಲ್ಲವೇ, ಅಥವಾ ಬಿಸಿಯಾಗುತ್ತಿಲ್ಲವೇ ಎಂದು ನೋಡಿಕೊಳ್ಳಿ. ಇದು ತಿಳಿದಿದ್ದರೆ ಯಾರೂ ನಿಮಗೆ ಬೇಡದ ಟ್ಯಾಂಕ್ ಮಾರಲಾರರು.